ಬೀದರದ ಗುಲಾಬಿ: ಅರಸರ ತೋಟದಿಂದ ಮನೆಯ ಹಿತ್ತಿಲಿಗೆ

ಬೀದರದ ಕೋಟೆಯ ಕಲ್ಲುಗಳನ್ನು ಕುರಿತು ಬರೆದವರು ಬಹುಮಂದಿ. ಆ ಕೋಟೆಯೊಳಗೆ ಅರಳಿ ಬಾಡಿದ ಹೂವುಗಳನ್ನು ಕುರಿತು ಬರೆದವರು ವಿರಳ. ಕಲ್ಲು ಉಳಿಯುವುದು, ಹೂವು ಉಳಿಯದು. ಆದುದರಿಂದ ಚರಿತ್ರಕಾರನು ಕಲ್ಲನ್ನೇ ಆಶ್ರಯಿಸುವುದು ಸಹಜವೇ. ಆದರೆ ಗುಲಾಬಿಯ ವಿಷಯದಲ್ಲಿ ಈ ಮಾತು ತಿರುಗುಮುರುಗಾಗಿರುವುದು. ಅರಸರು ಕಲ್ಲಿನಿಂದ ಕಟ್ಟಿಸಿದ ಕಾಲುವೆಗಳು ಒಣಗಿದುವು, ಕಾರಂಜಿಗಳು ಮೂಕವಾದುವು. ಗುಲಾಬಿಯು ಮಾತ್ರ ಬೀದರದ ಓಣಿಗಳಲ್ಲಿಯೂ ಭಾಲ್ಕಿ, ಔರಾದಗಳ ಹಿತ್ತಿಲುಗಳಲ್ಲಿಯೂ ಇಂದಿಗೂ ಅರಳುತ್ತಲಿದೆ. ಈ ಹೂವಿನ ವಿಷಯದಲ್ಲಿ ಎರಡು ಬಗೆಯ ಮಾತುಗಳನ್ನು ನಾವು ಕೇಳುವೆವು. ಗುಲಾಬಿಯು ಪರದೇಶದ ಹೂವು, ನಮ್ಮ ಪೂಜೆಗೆ ಅಷ್ಟಾಗಿ ಸಲ್ಲದೆಂಬುದು ಒಂದು. ಈ ಸೀಮೆಗೆ ತೋಟವನ್ನೂ ಸುಗಂಧವನ್ನೂ ಕಲಿಸಿದವರೇ ಪಾರಸಿಕರೆಂಬುದು ಮತ್ತೊಂದು. ಇವೆರಡೂ ಪೂರ್ತಿ ನಿಜವಲ್ಲವೆಂಬುದನ್ನೂ, ಗುಲಾಬಿಯನ್ನು ಇಲ್ಲಿ ಉಳಿಸಿದವರು ಯಾರೆಂಬುದನ್ನೂ ತಿಳಿಸುವುದು ಈ ಲೇಖನದ ಉದ್ದೇಶವು.

ಮೊದಲು ಹೆಸರಿನ ವಿಚಾರ. ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ 'ಶತಪತ್ರ'ವೆಂದರೆ ತಾವರೆ. ಕಮಲದ ಪರ್ಯಾಯಪದಗಳಲ್ಲಿ ಅದೊಂದು. ಆದರೆ ೧೬ನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಸ್ತ್ರೀಲಿಂಗದ 'ಶತಪತ್ರೀ' ಎಂಬ ಹೂವನ್ನು ಬೇರೆಯಾಗಿ ಹೇಳಿ, ಅದಕ್ಕೆ ತರುಣೀ, ಕರ್ಣಿಕಾ, ಚಾರುಕೇಸರಾ ಮುಂತಾದ ಹೆಸರುಗಳನ್ನು ಕೊಟ್ಟು, ಅದು ತಂಪು, ಹೃದಯಕ್ಕೆ ಹಿತವೆಂದು ಗುಣವನ್ನೂ ತಿಳಿಸಿರುವನು. ವೈದ್ಯರು ಇದನ್ನು ಗುಲಾಬಿಯೆಂದೇ ಗ್ರಹಿಸುವರು. ಈಗಿನ ಸಂಸ್ಕೃತದಲ್ಲಿ ಗುಲಾಬಿಗೆ 'ಪಾಟಲ'ವೆಂದು ಬರೆಯುವ ರೂಢಿಯುಂಟು. ಆದರೆ ಕಾಳಿದಾಸಾದಿಗಳ ಪಾಟಲವು ಗ್ರೀಷ್ಮದಲ್ಲಿ ಹೂಬಿಡುವ ಪಾದರಿಯ ಮರ. ಬಣ್ಣದ ಹೋಲಿಕೆಯಿಂದ ಹೆಸರು ಗುಲಾಬಿಗೆ ಅಂಟಿತು. ಹಿಂದಿಯಲ್ಲಿ 'ಸೇವತೀ' ಎಂದರೆ ಬಿಳಿಯ ಗುಲಾಬಿ. ನಮ್ಮ ಸೇವಂತಿಗೆಯೂ ನೆರೆಯ ಮರಾಠಿಯ ಶೇವಂತಿಯೂ ಬೇರೊಂದು ಕುಲದ ಹೂವು. ಹೀಗೆ ಒಂದೇ ಹೆಸರು ಊರೂರಿಗೆ ಹೂವನ್ನು ಬದಲಿಸಿದೆ. ಒಂದೇ ಹೂವು ಊರೂರಿಗೆ ಹೆಸರನ್ನು ಬದಲಿಸಿದೆ.

'ಗುಲಾಬ'ವೆಂಬ ಪದದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಪಾರಸಿಯಲ್ಲಿ 'ಗುಲ್' ಎಂದರೆ ಹೂವು, ಅದರಲ್ಲಿಯೂ ವಿಶೇಷವಾಗಿ ಈ ಹೂವು. 'ಆಬ್' ಎಂದರೆ ನೀರು. ಆದುದರಿಂದ ಗುಲಾಬವೆಂದರೆ ಆ ಭಾಷೆಯಲ್ಲಿ ಹೂವಲ್ಲ, ಹೂವಿನಿಂದ ಇಳಿಸಿದ ನೀರು. ಹಿಂದುಸ್ಥಾನದಲ್ಲಿ ಮಾತ್ರ ನೀರಿನ ಹೆಸರು ಹೂವಿಗೆ ಬಂದಿತು. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಫಾರ್ಸ್ ಪ್ರಾಂತದಲ್ಲಿ ಇಳಿಸಿದ ಹೂವಿನ ನೀರು ಹಿಂದುಸ್ಥಾನಕ್ಕೂ ಚೀನಕ್ಕೂ ಹೋಗುತ್ತಿತ್ತೆಂದು ೧೦ನೆಯ ಶತಮಾನದ ಅರಬ್ ಭೂಗೋಳಲೇಖಕರು ಬರೆದಿರುವರು. ಗಿಡಕ್ಕಿಂತ ಮುಂಚಿತವಾಗಿ ಕುಪ್ಪಿಗಳು ಬಂದುವು. ನೀರನ್ನು ಮೊದಲು ಕಂಡವರು ಗಿಡವು ಬಂದಾಗ ಅದನ್ನು ನೀರಿನ ಹೆಸರಿನಿಂದಲೇ ಕರೆದರು. ನಮ್ಮ ಕನ್ನಡದ 'ಪನ್ನೀರು' ಎಂಬ ಮಾತೂ ಹೀಗೆಯೇ. ಪನಿಯ ನೀರು, ತಂಪಿನ ನೀರು. ಎರಡು ಭಾಷೆಗಳೂ ಹೂವನ್ನು ನೀರಿನ ಮೂಲಕವೇ ನೆನೆದವೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಏಕೆಂದರೆ ಈ ಪ್ರಾಂತದಲ್ಲಿ ಗುಲಾಬಿಯ ಚರಿತ್ರೆಯು ಕಡೆಗೆ ನೀರಿನ ಚರಿತ್ರೆಯೇ ಆಗುವುದು.

ಪಾರಸಿಕರು ಬರುವ ಮುಂಚೆ ಈ ನೆಲಕ್ಕೆ ತೋಟವೂ ಪರಿಮಳವೂ ಅಪರಿಚಿತವಾಗಿದ್ದುವೇ? ಎಷ್ಟು ಮಾತ್ರಕ್ಕೂ ಅಲ್ಲ. ಇಂದಿನ ಬೀದರ ಜಿಲ್ಲೆಗೆ ಸೇರಿದ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವೇ. ಆ ವಂಶದ ಜಯಸಿಂಹನ ಕಾಲದಲ್ಲಿ, ೧೦೨೫ರ ಸುಮಾರಿಗೆ, ಚಾವುಂಡರಾಯನೆಂಬ ಕವಿಯು 'ಲೋಕೋಪಕಾರ'ವೆಂಬ ಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಗಿಡಮರಗಳ ಆರೈಕೆಯನ್ನು ಹೇಳುವ ವೃಕ್ಷಾಯುರ್ವೇದವೂ, ಸುಗಂಧದ್ರವ್ಯಗಳನ್ನು ಕೂಡಿಸುವ ವಿಧಾನವೂ ಅದರಲ್ಲಿ ಅಡಕವಾಗಿವೆ. ಸುಮಾರು ೧೧೨೯ರಲ್ಲಿ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸನ ಭೋಗಗಳ ಸಾಲಿನಲ್ಲಿ ಮಾಲ್ಯಕ್ಕೂ ಗಂಧಕ್ಕೂ ಸ್ಥಾನವುಂಟು. ಅಂದಮೇಲೆ ಪಾರಸಿಕರು ಬಂದುದು ಬರಡು ನೆಲಕ್ಕಲ್ಲ. ಹೂವಿನ ಮರ್ಯಾದೆಯನ್ನು ಬಲ್ಲ ನೆಲಕ್ಕೆ ಬಂದರು. ಮಲ್ಲಿಗೆ, ಸಂಪಿಗೆ, ಕೇದಗೆಗಳ ಪಕ್ಕದಲ್ಲಿ ಗುಲಾಬಿಗೆ ಸುಲಭವಾಗಿ ಜಾಗವು ದೊರೆತುದಕ್ಕೆ ಇದೇ ಕಾರಣವು.

ಬಹಮನಿ ಸುಲ್ತಾನನಾದ ಅಹಮದ ಶಾಹನು ೧೪೨೨ರಲ್ಲಿ ಪಟ್ಟಕ್ಕೆ ಬಂದು, ೧೪೨೪ರಿಂದ ೧೪೩೨ರೊಳಗಾಗಿ ರಾಜಧಾನಿಯನ್ನು ಕಲಬುರ್ಗಿಯಿಂದ ಬೀದರಕ್ಕೆ ತಂದನು. ಕಿರ್ಮಾನದ ಶಾಹ ನಿಯಾಮತುಲ್ಲಾ ವಲಿಯ ಮೊಮ್ಮಗನೂ, ಅನಂತರ ಮಗನಾದ ಖಲೀಲುಲ್ಲನೂ ಈ ಆಸ್ಥಾನಕ್ಕೆ ಬಂದರು; ಖಲೀಲುಲ್ಲನ ಸಮಾಧಿಯಾದ ಚೌಖಂಡಿಯನ್ನು ಅಷ್ಟೂರಿನ ದಾರಿಯಲ್ಲಿ ಎಲ್ಲರೂ ನೋಡಿರುವರು. ಗೀಲಾನದಿಂದ ಬಂದ ಮಹಮೂದ ಗವಾನನು ಮಂತ್ರಿಯಾಗಿ ೧೪೭೨ರಲ್ಲಿ ಮದರಸವನ್ನು ಕಟ್ಟಿಸಿದನು. ಅವನ ಪತ್ರಸಂಗ್ರಹದ ಹೆಸರು 'ರಿಯಾಜ್-ಉಲ್-ಇನ್ಶಾ'. ರಿಯಾಜ್ ಎಂದರೆ ಉದ್ಯಾನಗಳು. ಪತ್ರಗಳನ್ನೇ ತೋಟವೆಂದು ಕರೆದ ಜನರಿಗೆ, ಸಾದಿಯ ಗುಲಿಸ್ತಾನವನ್ನು ಎಳೆಯ ವಯಸ್ಸಿನಲ್ಲಿಯೇ ಓದಿದವರಿಗೆ, ಅರಮನೆಯ ಮುಂದೆ ಗುಲಾಬಿಯಿಲ್ಲದಿರುವುದು ಊಹೆಗೂ ನಿಲುಕದ ಮಾತು. ಕೋಟೆಯೊಳಗೆ ಸೋಲಾ ಖಂಬ ಮಸೀದಿಯ ಮುಂದಿರುವ ಬಯಲಿಗೆ ಇಂದಿಗೂ ಲಾಲ್ ಬಾಗ್ ಎಂದು ಹೆಸರು. ಬೆಂಗಳೂರಿನಲ್ಲಿ ಹೈದರಾಲಿಯು ೧೭೬೦ರಲ್ಲಿ ಲಾಲ್‌ಬಾಗನ್ನು ತೊಡಗಿಸುವುದಕ್ಕೆ ಬಹುಕಾಲ ಮುಂಚಿನ ತೋಟವಿದು.

ಗುಲಾಬಿಯು ಅರಮನೆಯ ಗೋಡೆಯೊಳಗೆ ಮಾತ್ರ ನಿಂತಿತೆಂದು ತಿಳಿಯಬಾರದು. ಹಿರಾತಿನ ಶಾಹ ರುಖನ ರಾಯಭಾರಿಯಾದ ಅಬ್ದುರ್ ರಜಾಕನು ೧೪೪೩ರಲ್ಲಿ ವಿಜಯನಗರಕ್ಕೆ ಬಂದನು. ಗುಲಾಬಿಯ ನಾಡಿನಿಂದ ಬಂದವನು ಅವನು. ಆ ಹೂವನ್ನು ಗುರುತಿಸುವುದರಲ್ಲಿ ತಪ್ಪುವವನಲ್ಲ. ವಿಜಯನಗರದಲ್ಲಿ ಎಲ್ಲೆಲ್ಲಿಯೂ ಗುಲಾಬಿಯನ್ನು ಮಾರುವರೆಂದೂ, ಅಲ್ಲಿಯ ಜನರು ಅದನ್ನು ಅನ್ನದಷ್ಟೇ ಅವಶ್ಯಕವೆಂದು ಎಣಿಸುವರೆಂದೂ ಅವನು ಬರೆದಿಟ್ಟಿರುವನು. ಬೀದರವು ರಾಜಧಾನಿಯಾಗಿ ಇನ್ನೂ ಇಪ್ಪತ್ತು ವರ್ಷಗಳು ತುಂಬಿರಲಿಲ್ಲ. ಆಗಲೇ ಬೀದರದ ಎದುರಾಳಿಯ ನಗರದಲ್ಲಿ, ವಿರೂಪಾಕ್ಷನ ಸನ್ನಿಧಿಯಲ್ಲಿ, ಈ ಹೂವು ಸಂತೆಯ ಸರಕಾಗಿದ್ದಿತು. ರಾಯಚೂರಿನ ದೋಆಬಿಗಾಗಿ ಕಾದಾಡಿದ ಎರಡು ರಾಜ್ಯಗಳು ಒಂದೇ ಹೂವನ್ನು ಮುಡಿದವು. 'ಇದು ಅವರ ಹೂವು' ಎಂದು ಹೇಳುವವರಿಗೆ ಈ ಒಂದು ಸಾಕ್ಷ್ಯವು ಸಾಕು.

ಆದರೂ ಆಸ್ಥಾನದ ವೈಭವವನ್ನು ಮಾತ್ರ ನೋಡಿ ಮೈಮರೆಯಲಾಗದು. ೧೪೭೦ರ ಸುಮಾರಿಗೆ ಬೀದರವನ್ನು ಕಂಡ ರಷ್ಯದ ವರ್ತಕ ಅಫನಾಸಿ ನಿಕಿತಿನನು, ಇಲ್ಲಿಯ ಸರದಾರರು ಬಹು ಸಿರಿವಂತರು, ಹಳ್ಳಿಯ ಜನರು ಬಹು ಬಡವರು ಎಂದು ಸ್ಪಷ್ಟವಾಗಿ ಹೇಳಿರುವನು. ಸರದಾರನ ತೋಟಕ್ಕೆ ಹರಿದ ನೀರಿನ ಹಿಂದೆ ಯಾರ ಶ್ರಮವಿದ್ದಿತೆಂಬುದನ್ನು ನಾವು ಮರೆಯಬಾರದು.

ಆ ನೀರಿನ ವ್ಯವಸ್ಥೆಯು ಮಾತ್ರ ಅದ್ಭುತವಾದುದು. ಬೀದರವು ನಿಂತಿರುವುದು ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಜಂಬಿಟ್ಟಿಗೆಯು ತೂತುಗಳುಳ್ಳ ಶಿಲೆ; ಮಳೆಯ ನೀರನ್ನು ಹೀರಿ ಕೆಳಕ್ಕಿಳಿಸುವುದು. ಅದರ ತಳದಲ್ಲಿ ಜೇಡಿಯೂ ಕಪ್ಪು ಬಸಾಲ್ಟು ಶಿಲೆಯೂ ಇರುವುದರಿಂದ ನೀರು ಅಲ್ಲಿ ತಡೆದು, ಪ್ರಸ್ಥಭೂಮಿಯ ಅಂಚಿನಲ್ಲಿ ಝರಿಯಾಗಿ ಹೊರಬೀಳುವುದು. ಪಾಪನಾಶದ ತೀರ್ಥವೂ, ಭಕ್ತರು ನೀರಿನೊಳಗೆ ನಡೆದು ಹೋಗಿ ದರ್ಶನ ಮಾಡುವ ಝರಣಿ ನರಸಿಂಹನ ಗುಹೆಯೂ, ಗುರುನಾನಕ ಝೀರಾದ ಬುಗ್ಗೆಯೂ ಈ ಒಂದೇ ಭೂಗರ್ಭದ ಪ್ರಸಾದಗಳು. ಈ ಜಲವನ್ನೇ ಪಾರಸಿಕರು ತಮ್ಮ ದೇಶದ ಕ್ರಮದಂತೆ ಸುರಂಗವನ್ನು ತೋಡಿ ಊರಿಗೆ ತಂದರು; ಅದೇ ಕರೇಜ್. ನೌಬಾದಿನ ಕರೇಜ್ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದವಾಗಿದ್ದು, ಗಾಳಿಗೂ ಹೂಳೆತ್ತುವುದಕ್ಕೂ ಇಪ್ಪತ್ತಕ್ಕೆ ಮಿಕ್ಕಿದ ಬಾವಿಯಂಥ ಬಾಯಿಗಳನ್ನು ಹೊಂದಿದೆ. ಎತ್ತಿನ ಸಹಾಯವಿಲ್ಲ, ಯಂತ್ರವಿಲ್ಲ. ಇಳಿಜಾರೊಂದೇ ನೀರನ್ನು ನಡೆಸುವುದು. ಶುಕ್ಲತೀರ್ಥ, ಜಮುನಾ ಮೋರಿ ಎಂಬ ಬೇರೆ ಕರೇಜುಗಳೂ ಇವೆ. ಕೋಟೆಯ ಅರಮನೆಗಳಿಗಾದರೋ ಬಾವಿಯ ನೀರನ್ನು ಎತ್ತಿ ಮಣ್ಣಿನ ಕೊಳವೆಗಳಲ್ಲಿ ಹರಿಸುತ್ತಿದ್ದರು.

ಇಂಥ ವ್ಯವಸ್ಥೆಗೆ ಒಂದು ದೌರ್ಬಲ್ಯವುಂಟು. ಅದು ಆಜ್ಞೆಯಿಂದ ನಡೆಯುವುದು. ಹೂಳೆತ್ತಿಸುವವನಿರುವವರೆಗೆ ಸುರಂಗ, ಸಂಬಳ ಕೊಡುವವನಿರುವವರೆಗೆ ತೋಟಗಾರ. ೧೪೮೧ರಲ್ಲಿ ಗವಾನನ ವಧೆಯಾಯಿತು. ರಾಜ್ಯವು ಐದಾಗಿ ಒಡೆಯಿತು. ಬರೀದ ಶಾಹಿಗಳು ಬೀದರವನ್ನು ೧೬೧೯ರವರೆಗೆ ಆಳಿದರು. ಅವರಲ್ಲಿ ಅಲಿ ಬರೀದನು ರಂಗೀನ ಮಹಲಿಗೆ ಮುತ್ತಿನ ಚಿಪ್ಪಿನ ಕೆತ್ತನೆಯನ್ನು ಮಾಡಿಸಿ, ತನ್ನ ಸಮಾಧಿಯನ್ನು ನಾಲ್ಕು ಪಾಲಾದ ತೋಟದ ನಡುವೆ, ನಾಲ್ಕು ದಿಕ್ಕಿಗೂ ಬಾಗಿಲಿಲ್ಲದೆ ತೆರೆದು ಕಟ್ಟಿಸಿದನು. ಆಮೇಲೆ ಬಿಜಾಪುರದವರು; ೧೬೫೭ರಲ್ಲಿ ಔರಂಗಜೇಬ; ೧೭೨೪ರ ಅನಂತರ ನಿಜಾಮರು. ಬೀದರವು ರಾಜಧಾನಿಯಿಂದ ಸುಭೆಯ ಪಟ್ಟಣವಾಗಿ, ಸುಭೆಯಿಂದ ಜಿಲ್ಲೆಯ ಊರಾಗಿ ಇಳಿಯಿತು. ಕರೇಜಿನ ಬಾಯಿಗಳಲ್ಲಿ ಮಣ್ಣು ತುಂಬಿತು. ೨೦೧೪ರಲ್ಲಿ ಬೀದರದ ಐತಿಹಾಸಿಕ ನಗರವು ವಿಶ್ವಸ್ಮಾರಕ ನಿಧಿಯ ಕಾವಲು ಪಟ್ಟಿಯನ್ನು ಸೇರಿದ ಸುಮಾರಿಗೆ ನೌಬಾದಿನ ಕರೇಜಿನ ಹೂಳನ್ನು ತೆಗೆಯುವ ಕೆಲಸವೂ ನಡೆಯಿತು. ಊರಿನವರೇ ಆಗ ತಮ್ಮ ಕಾಲಿನ ಕೆಳಗಿನ ನೀರನ್ನು ಕಂಡು ಬೆರಗಾದರು.

ಅರಸರ ನೀರು ನಿಂತಿತು. ಗುಲಾಬಿಯು ಏಕೆ ನಿಲ್ಲಲಿಲ್ಲ? ಅದು ಆ ವೇಳೆಗೆ ಗೃಹಸ್ಥರ ಬಾವಿಕಟ್ಟೆಗೆ ಬಂದಿದ್ದಿತು. ಮನೆಯ ಗುಲಾಬಿಗೆ ಕಾಲುವೆ ಬೇಡ. ಅಕ್ಕಿ ತೊಳೆದ ನೀರು, ಬಿಂದಿಗೆ ತೊಳೆದ ನೀರು, ಬಾವಿಯ ಸುತ್ತ ಚೆಲ್ಲಿದ ನೀರು, ಇಷ್ಟೇ ಅದರ ಕರೇಜು. ಅದನ್ನು ನಡೆಸಿದ ಅಧಿಕಾರಿಗಳು ಮನೆಯ ಹೆಂಗಸರು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ತುಲಸಿಯ ಕಟ್ಟೆ ಅಂಗಳದ ನಡುವೆ ಇದ್ದರೆ, ನೀರು ಹರಿದು ಹೋಗುವ ಕಡೆಗೆ ದಾಸವಾಳ, ಮಲ್ಲಿಗೆ, ಗುಲಾಬಿಗಳಿರುವುವು. ಈ ಹೆಂಗಸರ ಹೆಸರುಗಳು ಯಾವ ತವಾರೀಖಿನಲ್ಲಿಯೂ ಬಾರವು. ಆದರೆ ತಾಯಿಯ ಮನೆಯಿಂದ ಗೇಣುದ್ದದ ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅತ್ತೆಯ ಮನೆಗೆ ತಂದವರು ಅವರೇ. ಭಾಲ್ಕಿಗೂ ಔರಾದಕ್ಕೂ ಗುಲಾಬಿಯು ಸುಲ್ತಾನರ ದಂಡಿನೊಡನೆ ಹೋಗಲಿಲ್ಲ. ಮದುಮಕ್ಕಳ ಗಾಡಿಯೊಡನೆ ಹೋಯಿತೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು.

ಆ ಮೂರು ಊರುಗಳ ನೆಲವು ಒಂದೇ ಬಗೆಯದಲ್ಲ; ಗುಲಾಬಿಯನ್ನು ಬೆಳೆಯುವವರು ಇದನ್ನು ತಿಳಿದಿರಬೇಕು. ಬೀದರದ ಕೆಂಪು ಮಣ್ಣಿನಲ್ಲಿ ನೀರು ನಿಲ್ಲದು. ಬೇರು ಕೊಳೆಯುವ ಭಯವಿಲ್ಲ, ಆದರೆ ಚೈತ್ರ ವೈಶಾಖಗಳಲ್ಲಿ ಗಿಡವು ಬಾಯಾರುವುದು. ಅಲ್ಲಿ ಗುಂಡಿಗೆ ಕೆರೆಯ ಗೋಡನ್ನೂ ಹಳೆಯ ಸಗಣಿ ಗೊಬ್ಬರವನ್ನೂ ಬೆರೆಸಿ, ಬುಡಕ್ಕೆ ಒಣ ಎಲೆಯನ್ನು ಹಾಸಬೇಕು. ಮಾಂಜ್ರಾ ನದಿಯ ಕಡೆಯ ಭಾಲ್ಕಿ, ಔರಾದಗಳಲ್ಲಿ ಹೆಚ್ಚಾಗಿ ಕರಿಯ ಎರೆಮಣ್ಣು. ಅದು ನೀರನ್ನು ಬಿಗಿಹಿಡಿದು ಮಳೆಗಾಲದಲ್ಲಿ ಬೇರಿನ ಉಸಿರು ಕಟ್ಟಿಸುವುದು. ಬೇಸಗೆಯಲ್ಲಿ ಬಿರುಕು ಬಿಟ್ಟು ಬೇರನ್ನು ಹರಿಯುವುದು. ಅದರಲ್ಲಿರುವ ಸುಣ್ಣದ ಅಂಶದಿಂದ ಕಬ್ಬಿಣವು ಗಿಡಕ್ಕೆ ದಕ್ಕದೆ ಎಳೆಯ ಎಲೆಗಳು ಹಳದಿಯಾಗುವುವು. ಅದನ್ನು ನೀರಿನ ಕೊರತೆಯೆಂದು ತಿಳಿದು ಇನ್ನಷ್ಟು ನೀರು ಸುರಿದರೆ ಗಿಡವು ಸಾಯುವುದು. ಅಲ್ಲಿ ಎರಡು ಅಡಿಯ ಗುಂಡಿಯನ್ನು ತೋಡಿ, ಕೆಮ್ಮಣ್ಣು, ಮರಳು, ಗೊಬ್ಬರಗಳನ್ನು ಸಮನಾಗಿ ಕೂಡಿಸಿ, ಪಾತಿಯನ್ನು ನೆಲಕ್ಕಿಂತ ಗೇಣೆತ್ತರಕ್ಕೆ ಏರಿಸಬೇಕು. ಬೀದರದ ಕೆಂಪು ಮಣ್ಣು ಭಾಲ್ಕಿಗೂ ಭಾಲ್ಕಿಯ ಕರಿಯ ಗೋಡು ಬೀದರಕ್ಕೂ ಹೋದರೆ ಎರಡು ಊರುಗಳ ಗುಲಾಬಿಗೂ ಕ್ಷೇಮ.

ಉಳಿದುದು ಸುಲಭ. ನಾಟಿ ಗುಲಾಬಿಗೆ ಕಸಿಯ ಅವಶ್ಯಕತೆಯಿಲ್ಲ; ಮಳೆ ಹಿಡಿದ ಮೇಲೆ ಮೂರು ನಾಲ್ಕು ಗಿಣ್ಣುಗಳಿರುವ ಕಡ್ಡಿಯನ್ನು ನೆಟ್ಟರೆ ಬೇರುಬಿಡುವುದು. ದಿನಕ್ಕೆ ಆರು ಗಂಟೆಯ ಬಿಸಿಲು ಬೇಕು. ಮಳೆಯು ಹಿಂದೆಗೆದ ಮೇಲೆ, ಆಶ್ವಯುಜದ ಕೊನೆಯಲ್ಲಿ, ಒಣಗಿದ ಮತ್ತು ಒಳಮುಖವಾದ ಕೊಂಬೆಗಳನ್ನು ಸವರಿ ಗೊಬ್ಬರ ಕೊಟ್ಟರೆ ಆರೆಂಟು ವಾರಗಳಲ್ಲಿ, ಮಾರ್ಗಶಿರದ ಚಳಿಗೆ ಸರಿಯಾಗಿ ಹೂವು ಬರುವುದು. ಸಮುದ್ರದಿಂದ ದೂರವಾಗಿ, ೨,೦೦೦ ಅಡಿಗೂ ಎತ್ತರದಲ್ಲಿರುವ ಬೀದರದ ಚಳಿಗಾಲವು ಕರ್ನಾಟಕದ ತೀವ್ರವಾದ ಚಳಿಗಾಲಗಳಲ್ಲೊಂದು. ಆ ಚಳಿಯಲ್ಲಿ ದಳಗಳು ನಿಧಾನವಾಗಿ ಬಿಚ್ಚುವುದರಿಂದ ಬಣ್ಣವೂ ಕಂಪೂ ಗಾಢವಾಗುವುವು. ಹೂವನ್ನು ಸೂರ್ಯೋದಯಕ್ಕೆ ಮುಂಚೆಯೇ ಕೊಯ್ಯಬೇಕು. ಬಿಸಿಲೇರಿದಂತೆ ಪರಿಮಳದ ತೈಲವು ಆರಿಹೋಗುವುದು. ಆ ತೈಲವು ಎಷ್ಟು ಅಲ್ಪವೆಂದರೆ, ಒಂದು ಕಿಲೋ ಅತ್ತರಿಗೆ ೩,೦೦೦ದಿಂದ ೫,೦೦೦ ಕಿಲೋ ದಳಗಳು ಬೇಕು. ಅತ್ತರು ಮನೆಯವರಿಗೆ ಎಟುಕದು. ಆದರೆ ದಳಗಳನ್ನೂ ಸಕ್ಕರೆಯನ್ನೂ ಪದರಪದರವಾಗಿ ಭರಣಿಯಲ್ಲಿ ತುಂಬಿ ಬಿಸಿಲಿಗಿಟ್ಟು ಗುಲ್ಕಂದವನ್ನು ಎಲ್ಲರೂ ಮಾಡಬಹುದು. ಎರಡನೆಯ ಅಲಾವುದ್ದೀನ ಅಹಮದನು ಬೀದರದಲ್ಲಿ ಕಟ್ಟಿಸಿದ ದವಾಖಾನೆಯಲ್ಲಿ ಹಿಂದೂ ವೈದ್ಯರನ್ನೂ ಮುಸಲ್ಮಾನ ಹಕೀಮರನ್ನೂ ನೇಮಿಸಿದ್ದನೆಂದು ಫೆರಿಷ್ತನು ಹೇಳುವನು. ಇಬ್ಬರ ಶಾಸ್ತ್ರಗಳೂ ಈ ಹೂವನ್ನು ತಂಪೆಂದು ಒಪ್ಪುವುವು. ಯಾವ ಧರ್ಮದ ಮನೆಯಲ್ಲಿ ಭರಣಿಯನ್ನು ಬಿಸಿಲಿಗಿಟ್ಟರೂ ಪಾಕವು ಒಂದೇ.

ಇನ್ನು ಈ ಹೂವು ಯಾರದು ಎಂಬ ಪ್ರಶ್ನೆ. ಸಸ್ಯಶಾಸ್ತ್ರವು ಇದಕ್ಕೆ ಕೊಡುವ ಉತ್ತರವು ಎಲ್ಲ ಪಕ್ಷಗಳವರಿಗೂ ಪಾಠವಾಗಬಲ್ಲುದು. ಪನ್ನೀರಿಗೂ ಅತ್ತರಿಗೂ ಪ್ರಸಿದ್ಧವಾದ ದಮಾಸ್ಕದ ಗುಲಾಬಿಯೇ ಶುದ್ಧವಾದ ಒಂದು ಜಾತಿಯಲ್ಲ. ಮೂರು ಕಾಡು ಜಾತಿಗಳ ಬೆರಕೆಯೆಂದು ೨೦೦೦ದಲ್ಲಿ ಜಪಾನಿನ ವಿದ್ವಾಂಸರು ವಂಶವಾಹಿಗಳ ಪರೀಕ್ಷೆಯಿಂದ ತೋರಿಸಿದರು. ನಾವು ನಾಟಿಯೆಂದು ಅಭಿಮಾನದಿಂದ ಕರೆಯುವ, ದಕ್ಷಿಣದಲ್ಲಿ ಎಡ್ವರ್ಡ್ ಗುಲಾಬಿಯೆಂದೂ ಹೆಸರಾದ ನಸುಗೆಂಪಿನ ಹೂವು, ಹಿಂದೂ ಮಹಾಸಾಗರದ ಬೂರ್ಬೋಂ ದ್ವೀಪದಲ್ಲಿ, ಅಂದರೆ ಈಗಿನ ರೆಯೂನಿಯೋನಿನಲ್ಲಿ, ದಮಾಸ್ಕದ ಗುಲಾಬಿಗೂ ಚೀನದ ಗುಲಾಬಿಗೂ ಹುಟ್ಟಿ, ೧೯ನೆಯ ಶತಮಾನದ ಆದಿಯಲ್ಲಿ ಲೋಕಕ್ಕೆ ಪರಿಚಿತವಾದ ಕುಲಕ್ಕೆ ಸೇರಿದುದು. ಪರದೇಶದ್ದೆನ್ನುವ ಗುಲಾಬಿಯು ಆರು ನೂರು ವರ್ಷಗಳಿಂದ ಇಲ್ಲಿದೆ. ನಾಟಿಯೆನ್ನುವುದು ಇನ್ನೂರು ವರ್ಷದೀಚೆಯದು. ಅದೇ ವೇಳೆಗೆ ನೀಲಗಿರಿ, ಪಳನಿ ಬೆಟ್ಟಗಳಲ್ಲಿ ಯಾರೂ ನೆಡದೆ ಹಬ್ಬುವ ಬಿಳಿಯ ಕಾಡು ಗುಲಾಬಿಯೊಂದು ದಕ್ಷಿಣ ಭಾರತದ ಸ್ವಂತದ್ದಾಗಿಯೇ ಉಂಟು. ಹೀಗಿರುವಾಗ ಹೂವಿನ ಗೋತ್ರವನ್ನು ವಿಚಾರಿಸಿ ಪೂಜೆಯಿಂದ ಹೊರಗಿಡುವುದು ಯಾವ ನ್ಯಾಯ? ಅಷ್ಟೂರಿನಲ್ಲಿ ಅಹಮದ ಶಾಹ ವಲಿಯ ಉರುಸಿಗೆ ಪ್ರತಿವರ್ಷವೂ ಮಾಡಿಯಾಳದ ಜಂಗಮನು ಬರುವನು. ಆ ಸುಲ್ತಾನನನ್ನು ಅಲ್ಲಮಪ್ರಭುವೆಂದು ನಂಬಿ ನಡೆಯುವವರುಂಟು. ಆ ಸಮಾಧಿಗೆ ಹೂವು ಕೊಡುವವರು ಅದರ ಗೋತ್ರವನ್ನು ಕೇಳುವುದಿಲ್ಲ.

ಗುಲಾಬಿಗೆ ಈಗ ಒದಗಿರುವ ಆಪತ್ತು ಮತ್ತೊಂದು ಬಗೆಯದು. ಪೇಟೆಯಲ್ಲಿ ಇಂದು ಹೂವಿಗೆ ಕೊರತೆಯಿಲ್ಲ. ೧೮೬೭ರಲ್ಲಿ ಫ್ರಾನ್ಸಿನ ಗಿಯೋ ಎಂಬವನು 'ಲಾ ಫ್ರಾನ್ಸ್' ಎಂಬ ತಳಿಯನ್ನು ಹೊರತಂದಂದಿನಿಂದ ಬೆಳೆದು ಬಂದ ಹೊಸ ತಳಿಗಳು ಉದ್ದವಾದ ದಂಟಿನ ಮೇಲೆ ದೊಡ್ಡ ಹೂವನ್ನು ಹೊತ್ತು, ಪ್ಲಾಸ್ಟಿಕ್ಕಿನ ಮನೆಗಳಲ್ಲಿ ಬೆಳೆದು, ದೂರದ ಊರುಗಳಿಂದ ಬರುವುವು, ವಾರವಾದರೂ ಬಾಡವು. ಆದರೆ ಮೂಗಿಗೆ ಹಿಡಿದರೆ ಹಲವಕ್ಕೆ ವಾಸನೆಯೇ ಇಲ್ಲ. ಬಹುಕಾಲ ಬಾಡದಿರುವುದನ್ನೂ ಪ್ರಯಾಣವನ್ನು ತಾಳುವುದನ್ನೂ ನೋಡಿ ಆರಿಸಿದವರು ಪರಿಮಳವನ್ನು ಕಡೆಗಣಿಸಿದರು. ಗುಲಾಬಿಯ ಕಂಪಿಗೆ ಬೇಕಾದ ಒಂದು ಕಿಣ್ವವು ಗಂಧವಿಲ್ಲದ ತಳಿಗಳಲ್ಲಿ ಹೆಚ್ಚುಕಡಿಮೆ ನಿದ್ರಿಸುತ್ತಿರುವುದನ್ನು ಫ್ರಾನ್ಸಿನ ಶಾಸ್ತ್ರಜ್ಞರು ೨೦೧೫ರಲ್ಲಿ ಪ್ರಕಟಿಸಿದರು. ಹಳೆಯ ಗುಲಾಬಿಯಾದರೋ ಬೆಳಗ್ಗೆ ಅರಳಿ ಸಂಜೆಗೆ ಉದುರುವುದು, ವ್ಯಾಪಾರಕ್ಕೆ ಒದಗದು. ಅದನ್ನು ಸಾಕುವ ಸ್ಥಳವೆಂದರೆ ಮನೆಯ ಹಿತ್ತಿಲೊಂದೇ. ಆ ಹಿತ್ತಿಲುಗಳಿಗೆ ಈಗ ಕಲ್ಲುಹಾಸು ಬೀಳುತ್ತಿದೆ, ಬಾವಿಗಳನ್ನು ಮುಚ್ಚುತ್ತಿರುವರು, ಅಜ್ಜಿಯ ಕಾಲದ ಗಿಡವನ್ನು ಮುಳ್ಳೆಂದು ಕಿತ್ತೆಸೆಯುತ್ತಿರುವರು. ಸುಲ್ತಾನರ ತೋಟವು ಹಾಳಾದಾಗ ಗುಲಾಬಿಗೆ ಗೃಹಸ್ಥನ ಮನೆಯು ಆಶ್ರಯ ಕೊಟ್ಟಿತು. ಗೃಹಸ್ಥನೇ ಹೊರದೂಡಿದರೆ ಅದಕ್ಕೆ ಬೇರೆ ಆಶ್ರಯವಿಲ್ಲ.

ಆದುದರಿಂದ ವಾಚಕರಲ್ಲಿ ಒಂದು ವಿಜ್ಞಾಪನೆ. ನಮ್ಮ ಜಿಲ್ಲೆಯ ಶಾಸನಗಳನ್ನು ಪ್ರತಿಮಾಡಿಕೊಳ್ಳುವುದಕ್ಕೆ ವಿದ್ವಾಂಸರಿರುವರು. ಗುಲಾಮ ಯಜ್ದಾನಿಯವರು ೧೯೪೭ರಲ್ಲಿ ಪ್ರಕಟಿಸಿದ ಮಹಾಗ್ರಂಥದಲ್ಲಿ ಬೀದರದ ಕಟ್ಟಡಗಳೆಲ್ಲವೂ ದಾಖಲೆಯಾಗಿವೆ. ಹೂವಿನ ಗಿಡಗಳಿಗೆ ಅಂಥ ದಾಖಲೆಯಿಲ್ಲ; ಅದನ್ನು ಮನೆಮನೆಯವರೇ ಮಾಡಬೇಕು. ತಮ್ಮ ಮನೆಯಲ್ಲಿ ಐವತ್ತು ಅರವತ್ತು ವರ್ಷಗಳ ಗುಲಾಬಿಯಿದ್ದರೆ ಅದು ಯಾವ ಊರಿನಿಂದ, ಯಾರ ಕೈಯಿಂದ ಬಂದಿತೆಂಬುದನ್ನು ಹಿರಿಯರು ಇರುವಾಗಲೇ ಕೇಳಿ ಬರೆದಿಡಿರಿ. ವರ್ಷಕ್ಕೊಮ್ಮೆ ಮಾತ್ರ ಹೂಬಿಡುವುದೋ, ಹಲವು ಸಲವೋ, ಬಣ್ಣವೇನು, ಕಂಪು ಎಂಥದು, ಗುರುತುಮಾಡಿರಿ. ಮಳೆ ಬಂದಾಗ ಆ ಗಿಡದ ಎರಡು ಕಡ್ಡಿಗಳನ್ನು ನೆರೆಯವರಿಗೆ ಕೊಡಿರಿ; ಒಬ್ಬರ ಮನೆಯಲ್ಲಿ ಸತ್ತರೂ ಮತ್ತೊಬ್ಬರಲ್ಲಿ ಉಳಿಯುವುದು. ಅರಸರ ಕೊಡುಗೆಗಳು ತಾಮ್ರಪಟದಲ್ಲಿ ನಡೆಯುತ್ತಿದ್ದುವು. ಈ ಕೊಡುಗೆಗೆ ಒದ್ದೆ ಬಟ್ಟೆಯ ಒಂದು ಚೂರು ಸಾಕು.